ಟೋಕಿಯೊದಿಂದ ಒಂದೇ ದಿನದಲ್ಲಿ ಕಡಲ ದಾರಿ: ಕಾಮಕುರಾದಿಂದ ಎನೋಶಿಮಾವರೆಗೆ, ಹಂತ ಹಂತವಾಗಿ

ಟೋಕಿಯೊಗೆ ಕೆಲಸದ ಮೇಲೆ ಬಂದವರು, ಮಕ್ಕಳ ಮನೆಗೆ ಬಂದ ಅಪ್ಪ ಅಮ್ಮಂದಿರು, ಬೆಂಗಳೂರಿನಿಂದ ನರಿತಾಕ್ಕೆ ನೇರ ವಿಮಾನ ಹಿಡಿದು ವಾರದ ಮಟ್ಟಿಗೆ ಬಂದವರು, ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಒಂದು ದಿನ ಬಿಡುವಿದೆ, ಕಡಲು ನೋಡಬೇಕು, ಎಲ್ಲಿಗೆ ಹೋಗೋಣ?" ಇದಕ್ಕೆ ಉತ್ತರ ಸಾಗಾಮಿ ಕೊಲ್ಲಿಯ ದಂಡೆ. ಕಾಮಕುರಾದಿಂದ ಎನೋಶಿಮಾ ದ್ವೀಪದವರೆಗಿನ ಈ ದಾರಿಯಲ್ಲಿ 13ನೇ ಶತಮಾನದ ಕಂಚಿನ ಬುದ್ಧನಿದ್ದಾನೆ, ಮನೆಗಳ ಹಿತ್ತಿಲು ಸವರಿಕೊಂಡು ಹೋಗುವ ಪುಟ್ಟ ರೈಲಿದೆ, ಆಕಾಶ ತಿಳಿಯಾಗಿದ್ದರೆ ಅಲೆಗಳ ಆಚೆ ಫುಜಿ ಪರ್ವತವೂ ಇದೆ. ಟೋಕಿಯೊದ ಪಶ್ಚಿಮ ಭಾಗದ ಶಿಂಜುಕು ನಿಲ್ದಾಣದಿಂದ ಹೆಚ್ಚುಕಡಿಮೆ ಒಂದು ಗಂಟೆ ರೈಲು ಪ್ರಯಾಣ.

ದಾರಿ ಕಷ್ಟದ್ದಲ್ಲ. ಆದರೂ ಬಹಳ ಮಂದಿ ಅರ್ಧ ನೋಡಿ, ಅರ್ಧ ದಿನ ಸಾಲಿನಲ್ಲಿ ನಿಂತು ವಾಪಸಾಗುತ್ತಾರೆ. ಹತ್ತು ಗಂಟೆಗೆ ಹೊರಟು, ಮೊದಲು ದ್ವೀಪಕ್ಕೆ ಹೋಗಿ, ಮಧ್ಯಾಹ್ನದ ನೂಕುನುಗ್ಗಲಿನಲ್ಲಿ ಕಾಮಕುರಾ ಕಡೆಗೆ ಬರುತ್ತಾರೆ. ಅಷ್ಟರಲ್ಲಿ ದೇವಾಲಯಗಳ ಬಾಗಿಲು ಹಾಕುವ ಹೊತ್ತು. ಇಲ್ಲಿ ಹೇಳುವ ಕ್ರಮ ಅದಕ್ಕೆ ತಿರುವುಮುರುವು: ಬೆಳಿಗ್ಗೆ ಎಂಟೂವರೆಗೆಲ್ಲ ಪೂರ್ವದ ತುದಿಯ ದೇವಾಲಯಗಳು, ಅಲ್ಲಿಂದ ದಂಡೆಗುಂಟ ಪಶ್ಚಿಮಕ್ಕೆ, ಸೂರ್ಯಾಸ್ತಕ್ಕೆ ದ್ವೀಪ. ದೇವಾಲಯಗಳು ಬೇಗ ತೆರೆದು ಬೇಗ ಮುಚ್ಚುತ್ತವೆ, ದ್ವೀಪದ ದೀಪಸ್ತಂಭ ರಾತ್ರಿ ಎಂಟರವರೆಗೆ ತೆರೆದಿರುತ್ತದೆ. ಈ ಒಂದು ಲೆಕ್ಕ ಹಿಡಿದುಕೊಂಡರೆ ಉಳಿದದ್ದು ತಾನಾಗಿ ಹೊಂದಿಕೊಳ್ಳುತ್ತದೆ. ಕೆಳಗೆ ಕೊಟ್ಟ ದರ ಮತ್ತು ಸಮಯಗಳು 2025ರ ಹೊತ್ತಿನವು. ಹೊರಡುವ ಹಿಂದಿನ ದಿನ ಒಮ್ಮೆ ನೋಡಿಕೊಳ್ಳಿ.

ಯಾವಾಗ ಹೋಗಬೇಕು

ಫುಜಿ ನೋಡಲೇಬೇಕೆಂದಿದ್ದರೆ ಡಿಸೆಂಬರ್‌ನಿಂದ ಫೆಬ್ರವರಿ. ಚಳಿಗಾಲದ ಒಣಗಾಳಿಯಲ್ಲಿ ದೂರದ ನೋಟ ಸ್ಪಷ್ಟ. ಬೇಸಿಗೆಯಲ್ಲಿ ಬಿಸಿಲು ಎಷ್ಟೇ ಇದ್ದರೂ ಗಾಳಿಯಲ್ಲಿ ತೇವ ತುಂಬಿ ಪರ್ವತ ಮಂಜಿನಲ್ಲಿ ಕರಗಿಹೋಗಿರುತ್ತದೆ. ಬಿಸಿಲಿದೆ ಅಂದಮಾತ್ರಕ್ಕೆ ಫುಜಿ ಕಾಣುತ್ತದೆ ಎಂದುಕೊಳ್ಳಬೇಡಿ.

ಜೂನ್‌ನಲ್ಲಿ ಮಳೆಗಾಲ. ಆಗ ಅಜಿಸಾಯ್ ಹೂವಿನ ಕಾಲವೂ ಹೌದು. ನಮ್ಮ ಮಡಿಕೇರಿ, ಊಟಿ ಕಡೆ ಮನೆಯಂಗಳದಲ್ಲಿ ನೀಲಿ ಗುಲಾಬಿ ಚೆಂಡುಗಳಂತೆ ಅರಳುವ ಹೈಡ್ರೇಂಜಿಯಾ ಇದೇ. ಹಾಸೆದೇರಾ ದೇವಾಲಯದ ಗುಡ್ಡದ ತುಂಬ ಅರಳಿರುತ್ತದೆ, ಜನವೂ ಅಷ್ಟೇ ತುಂಬಿರುತ್ತಾರೆ. ಆ ಕಾಲದಲ್ಲಿ ಹೂದಾರಿಗೆ ಪ್ರತ್ಯೇಕ ಟಿಕೆಟ್ ಇರುತ್ತದೆ. ಜುಲೈ, ಆಗಸ್ಟ್ ಈಜುವವರ ಕಾಲ, ಉರಿಸೆಕೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಚಂಡಮಾರುತಗಳು ಬರುತ್ತವೆ. ಆಗ ದೋಣಿ ನಿಲ್ಲುತ್ತದೆ, ಗುಹೆ ಮುಚ್ಚುತ್ತಾರೆ.

ಏಪ್ರಿಲ್ ಕೊನೆಯಿಂದ ಮೇ 5ರವರೆಗಿನ ಸಾಲುರಜೆಯನ್ನು, ಅಂದರೆ ಜಪಾನಿನವರು 'ಗೋಲ್ಡನ್ ವೀಕ್' ಎನ್ನುವ ವಾರವನ್ನು, ದಯವಿಟ್ಟು ಬಿಟ್ಟುಬಿಡಿ. ರೈಲು ಹತ್ತುವ ಸಾಲೇ ರಸ್ತೆಗೆ ಬಂದಿರುತ್ತದೆ. ಸಾಧ್ಯವಿದ್ದರೆ ಮಂಗಳವಾರ, ಬುಧವಾರ, ಗುರುವಾರಗಳಲ್ಲಿ ಒಂದು ದಿನ ಆರಿಸಿ.

ಏನೇನು ಬೇಕು

ಐಸಿ ಕಾರ್ಡ್ ಮೊದಲು ಬೇಕು. ನಮ್ಮ ಮೆಟ್ರೊ ಸ್ಮಾರ್ಟ್‌ಕಾರ್ಡ್‌ನಂತೆ ಹಣ ತುಂಬಿಸಿ ಗೇಟಿಗೆ ತಾಗಿಸುವ ಕಾರ್ಡ್ ಇದು. 'ಸುಯಿಕಾ', 'ಪಾಸ್ಮೊ' ಎರಡೂ ಎಲ್ಲ ರೈಲುಗಳಲ್ಲಿ, ಅಂಗಡಿಗಳಲ್ಲಿ ನಡೆಯುತ್ತವೆ. ಪ್ರವಾಸಿಗರಿಗೆಂದೇ ಇರುವ 'ವೆಲ್‌ಕಮ್ ಸುಯಿಕಾ' 28 ದಿನ ಚಾಲ್ತಿಯಲ್ಲಿರುತ್ತದೆ. ಒಬ್ಬರಿಗೆ ಒಂದು ಕಾರ್ಡ್. ಒಂದನ್ನೇ ಇಬ್ಬರು ಬಳಸಲು ಬರುವುದಿಲ್ಲ.

ನಗದು ತಲೆಗೆ 5,000 ಯೆನ್ ಆದರೂ ಇರಲಿ, ಅದರಲ್ಲಿ 1,000ದ ನೋಟು ಮತ್ತು 100ರ ನಾಣ್ಯ ಜಾಸ್ತಿ ಇರಲಿ. ದೇವಾಲಯದ ಟಿಕೆಟ್ ಕಿಟಕಿ, ಲಾಕರ್, ದೋಣಿ, ಸಣ್ಣ ಅಂಗಡಿಗಳಲ್ಲಿ ಚಿಲ್ಲರೆಯೇ ಸುಲಭ.

ಹಿಡಿತವಿರುವ ಶೂ ಬೇಕು, ಚಪ್ಪಲಿ ಬೇಡ. ದ್ವೀಪದಲ್ಲಿ ಮೆಟ್ಟಿಲಿನ ಮೇಲೆ ಮೆಟ್ಟಿಲು. ಕಡಲ ಗಾಳಿಗೆ ಕೊಡೆ ತಿರುಗಿ ಮುರಿಯುವುದರಿಂದ ಮಳೆ ಸೂಚನೆ ಇದ್ದರೆ ರೇನ್‌ಕೋಟ್ ಒಯ್ಯಿರಿ. ಚಳಿಗಾಲದಲ್ಲಿ ಟೋಕಿಯೊ ಬೀದಿಯಲ್ಲಿ ಸಾಕಾಗುವ ಸ್ವೆಟರ್ ಇಲ್ಲಿ ಸಾಲದು, ಗಾಳಿ ತಡೆಯುವ ಜಾಕೆಟ್ ಬೇಕು. ಕಸಕ್ಕೆಂದು ಒಂದು ಚೀಲ ಇಟ್ಟುಕೊಳ್ಳಿ. ಬೀದಿಯಲ್ಲಿ ಕಸದ ಬುಟ್ಟಿ ಸಿಗುವುದಿಲ್ಲ, ಎಲ್ಲವನ್ನೂ ವಾಪಸ್ ಹೊತ್ತು ತರಬೇಕು.

ಯಾವ ಪಾಸ್

ಗೊಂದಲ ಹೆಚ್ಚಾಗುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಓದಿ. ಈ ದಾರಿಯಲ್ಲಿ ಮೂರು ಬೇರೆ ಬೇರೆ ಸಂಸ್ಥೆಗಳ ರೈಲುಗಳು ಓಡುತ್ತವೆ. ಜೆಆರ್ ಎಂದರೆ ಹಿಂದಿನ ಸರ್ಕಾರಿ ರೈಲ್ವೆಯ ಜಾಲ. ಓಡಾಕ್ಯೂ ಎಂದರೆ ಶಿಂಜುಕುವಿನಿಂದ ಹೊರಡುವ ಖಾಸಗಿ ರೈಲು. ಎನೋಡೆನ್ ಎಂದರೆ ಕಡಲಂಚಿನ ಪುಟ್ಟ ವಿದ್ಯುತ್ ರೈಲು. ಒಂದರ ಪಾಸ್ ಇನ್ನೊಂದರಲ್ಲೂ ನಡೆಯುತ್ತದೆ ಎಂದುಕೊಳ್ಳಬೇಡಿ. ಭಾರತದಿಂದಲೇ ದುಬಾರಿ ಜೆಆರ್ ಪಾಸ್ ಕೊಂಡು ಬಂದವರೂ ಎನೋಡೆನ್‌ಗೆ ಬೇರೆ ದುಡ್ಡು ಕೊಡಲೇಬೇಕು.

ನಿಮ್ಮ ವಾಸ ಶಿಂಜುಕು ಅಥವಾ ಟೋಕಿಯೊದ ಪಶ್ಚಿಮ ಭಾಗದಲ್ಲಿದ್ದರೆ ಓಡಾಕ್ಯೂವಿನ 'ಎನೋಶಿಮಾ-ಕಾಮಕುರಾ ಫ್ರೀಪಾಸ್' ಕೊಳ್ಳಿ. ಶಿಂಜುಕುವಿನಿಂದ 1,640 ಯೆನ್. ಇದರಲ್ಲಿ ಶಿಂಜುಕುವಿನಿಂದ ಎನೋಡೆನ್ ಶುರುವಾಗುವ ಫುಜಿಸಾವಾಕ್ಕೆ ಹೋಗಿಬರುವುದು ಒಂದು ಸಲ, ಫುಜಿಸಾವಾದಿಂದ ಕಾತಾಸೆ-ಎನೋಶಿಮಾವರೆಗೆ ಮತ್ತು ಇಡೀ ಎನೋಡೆನ್‌ನಲ್ಲಿ ದಿನವಿಡೀ ಎಷ್ಟು ಸಲ ಬೇಕಾದರೂ ಹತ್ತಿ ಇಳಿಯಬಹುದು. ಶಿಂಜುಕುವಿನ ಓಡಾಕ್ಯೂ ಟಿಕೆಟ್ ಯಂತ್ರದಲ್ಲೇ ಸಿಗುತ್ತದೆ, ಪರದೆಯನ್ನು ಇಂಗ್ಲಿಷಿಗೆ ಬದಲಿಸಿಕೊಳ್ಳಬಹುದು. ಪಾಸ್ ಕೈಯಲ್ಲಿದ್ದೂ ಅಭ್ಯಾಸಬಲದಿಂದ ಐಸಿ ಕಾರ್ಡ್ ತಾಗಿಸಿಬಿಟ್ಟರೆ ಹಣ ಕಡಿತವಾಗುತ್ತದೆ. ಪಾಸ್ ಕೊಂಡ ಮೇಲೆ ಕಾರ್ಡನ್ನು ಬೇರೆ ಜೇಬಿಗೆ ಹಾಕಿ.

ವಾಸ ಟೋಕಿಯೊ ನಿಲ್ದಾಣ, ಉಎನೋ ಕಡೆ ಇದ್ದರೆ ಜೆಆರ್ ಯೊಕೊಸುಕಾ ಲೈನ್‌ನಲ್ಲಿ ನೇರ ಕಾಮಕುರಾಕ್ಕೆ ಬನ್ನಿ. ಟೋಕಿಯೊ ನಿಲ್ದಾಣದಿಂದ ಸುಮಾರು ಒಂದು ಗಂಟೆ, ಒಂದು ಕಡೆಗೆ ಸುಮಾರು 1,000 ಯೆನ್. ಅಲ್ಲಿ ಎನೋಡೆನ್‌ನ ಒಂದು ದಿನದ ಪಾಸ್ 'ನೊರಿಒರಿಕುನ್' ಕೊಳ್ಳಿ, 800 ಯೆನ್. ಎನೋಡೆನ್‌ನಲ್ಲಿ ಹಾಸೆಗೆ ಬಂದು ಹಂತ 3ರಿಂದ ಸೇರಿಕೊಳ್ಳಿ. ಯೊಕೊಸುಕಾ ಲೈನ್‌ನ ಪ್ಲಾಟ್‌ಫಾರ್ಮ್ ಟೋಕಿಯೊ ನಿಲ್ದಾಣದ ನೆಲದಾಳದಲ್ಲಿದೆ. ಗೇಟಿನಿಂದ ಅಲ್ಲಿಗೆ ಇಳಿಯಲು ಹತ್ತು ನಿಮಿಷ ಹೆಚ್ಚಿಗೆ ಇಟ್ಟುಕೊಳ್ಳಿ.

ಹಂತ 1: ಶಿಂಜುಕುವಿನಿಂದ ಫುಜಿಸಾವಾ (ಬೆಳಿಗ್ಗೆ 6:30ರಿಂದ 7:45)

ಓಡಾಕ್ಯೂ ರೈಲುಗಳಲ್ಲಿ 'ಕೈಸೊಕು ಕ್ಯೂಕೊ' ಎಂಬುದು ಕೆಲವೇ ನಿಲ್ದಾಣಗಳಲ್ಲಿ ನಿಲ್ಲುವ ವೇಗದ ರೈಲು, ಹೆಚ್ಚಿನ ಶುಲ್ಕವಿಲ್ಲ. ಇದನ್ನೇ ಹಿಡಿಯಿರಿ. 'ರೊಮಾನ್ಸ್‌ಕಾರ್' ಎಂಬ ಐಷಾರಾಮಿ ರೈಲಿಗೆ ಪಾಸಿನ ಮೇಲೆ ಸೀಟಿನ ಶುಲ್ಕ ಬೇರೆ ಕೊಡಬೇಕು.

ಸಾಗಾಮಿ-ಓನೊ ನಿಲ್ದಾಣದಲ್ಲಿ ಹಳಿ ಎರಡಾಗಿ ಕವಲೊಡೆಯುತ್ತದೆ: ಒಂದು ಓದಾವಾರಾ ಕಡೆಗೆ, ಇನ್ನೊಂದು ಫುಜಿಸಾವಾ ಕಡೆಗೆ. ಬೋರ್ಡಿನಲ್ಲಿ ಫುಜಿಸಾವಾ ಎಂದಿದ್ದರೆ ಕೂತೇ ಇರಿ. ಓದಾವಾರಾ ಎಂದಿದ್ದರೆ ಸಾಗಾಮಿ-ಓನೊದಲ್ಲಿ ಇಳಿದು ಬದಲಿಸಬೇಕು. ನಿದ್ದೆ ಹತ್ತಿದರೆ ಬೇರೆಯೇ ಊರಿನಲ್ಲಿ ಎಚ್ಚರವಾಗುತ್ತದೆ.

ಫುಜಿಸಾವಾದಲ್ಲಿ ಎನೋಡೆನ್ ನಿಲ್ದಾಣ ನೆಲಮಟ್ಟದಲ್ಲಿಲ್ಲ. ದಕ್ಷಿಣದ ಕಡೆ ಹೊರಬಂದು, ಮೇಲ್ಸೇತುವೆಯಂತಿರುವ ಅಂಗಳ ದಾಟಿ, ಎದುರಿನ ಓಡಾಕ್ಯೂ ಕಟ್ಟಡದ ಎರಡನೇ ಮಹಡಿಗೆ ಹೋಗಬೇಕು. ಐದು ನಿಮಿಷದ ನಡಿಗೆ. ದೊಡ್ಡ ಸೂಟ್‌ಕೇಸ್ ಇದ್ದರೆ ಫುಜಿಸಾವಾದ ಲಾಕರ್‌ನಲ್ಲೇ ಇಟ್ಟುಬಿಡಿ, ಸಂಜೆ ಇದೇ ದಾರಿಯಲ್ಲಿ ಬರುತ್ತೀರಿ.

ಹಂತ 2: ಎನೋಡೆನ್ ಹತ್ತಿ ಹಾಸೆಗೆ

1902ರಲ್ಲಿ ಮೊದಲ ಭಾಗ ಶುರುವಾಗಿ 1910ರಲ್ಲಿ ಕಾಮಕುರಾ ಮುಟ್ಟಿದ ಈ ರೈಲಿನ ಉದ್ದ ಬರೀ 10 ಕಿಲೋಮೀಟರ್, ನಿಲ್ದಾಣ 15. ಒಂಟಿ ಹಳಿ. ಎದುರು ರೈಲು ಬರುವವರೆಗೆ ಕಾದು ದಾರಿ ಬಿಡಬೇಕಾದ್ದರಿಂದ ರೈಲುಗಳನ್ನು ಮನಸ್ಸಿಗೆ ಬಂದಷ್ಟು ಹೆಚ್ಚಿಸಲು ಬರುವುದಿಲ್ಲ. 14 ನಿಮಿಷಕ್ಕೊಂದು ರೈಲು, ಹೆಚ್ಚೆಂದರೆ ನಾಲ್ಕು ಬೋಗಿ. ರಜಾದಿನಗಳಲ್ಲಿ ಸಾಲು ಅಷ್ಟುದ್ದ ಬೆಳೆಯುವುದು ಇದಕ್ಕೇ.

ಫುಜಿಸಾವಾದಿಂದ ಹೊರಟಾಗ ಕಡಲು ಬಲಗಡೆ. ಆ ಕಡೆಯ ಬಾಗಿಲ ಹತ್ತಿರ ನಿಲ್ಲಿ. ಎನೋಶಿಮಾ ನಿಲ್ದಾಣ ದಾಟಿದ ಮೇಲೆ ಕೊಶಿಗೊಯೆವರೆಗೆ ರೈಲು ಹಳಿ ಬಿಟ್ಟಂತೆ ಊರ ಬೀದಿಯ ನಡುವೆಯೇ ಹೋಗುತ್ತದೆ, ಕಾರುಗಳು ಪಕ್ಕಕ್ಕೆ ಸರಿದು ದಾರಿ ಬಿಡುತ್ತವೆ. ಆಮೇಲೆ ಮನೆಗಳ ಸಂದಿಯಿಂದ ಒಮ್ಮೆಲೇ ಕಡಲು ತೆರೆದುಕೊಳ್ಳುತ್ತದೆ. ಆ ಗಳಿಗೆಯಲ್ಲಿ ಫೋನ್ ಕೆಳಗಿಟ್ಟು ಕಣ್ಣಲ್ಲೇ ನೋಡಿ, ಫೋಟೊಗೆ ಆಮೇಲೆ ಬೇಕಾದಷ್ಟು ಅವಕಾಶವಿದೆ.

ಎರಡು ಎಚ್ಚರಿಕೆ. ಕೊಶಿಗೊಯೆಯ ಪ್ಲಾಟ್‌ಫಾರ್ಮ್ ಗಿಡ್ಡ, ನಾಲ್ಕು ಬೋಗಿಯ ರೈಲು ಬಂದಾಗ ಒಂದು ಬೋಗಿಯ ಬಾಗಿಲು ತೆರೆಯುವುದಿಲ್ಲ. ಅಲ್ಲಿ ಇಳಿಯುವುದಿದ್ದರೆ ನಡುವಿನ ಬೋಗಿಯಲ್ಲಿರಿ. ಎರಡನೆಯದು, ಚಿಕ್ಕ ನಿಲ್ದಾಣಗಳಲ್ಲಿ ಗೇಟಿನ ಬದಲು ಕಂಬದ ಮೇಲೆ ಕಾರ್ಡ್ ಯಂತ್ರ ಮಾತ್ರ ಇರುತ್ತದೆ. ತಡೆಯುವವರಿಲ್ಲ ಎಂದು ತಾಗಿಸದೆ ಹೊರಬಂದರೆ ಮುಂದಿನ ನಿಲ್ದಾಣದಲ್ಲಿ ಕಾರ್ಡ್ ಕೆಲಸ ಮಾಡುವುದಿಲ್ಲ. ಪಾಸ್ ಇರುವವರಿಗೆ ಈ ತೊಂದರೆ ಇಲ್ಲ.

ಹಂತ 3: ಮಹಾಬುದ್ಧ ಮತ್ತು ಹಾಸೆದೇರಾ (8:30ರಿಂದ 10:30)

ಹಾಸೆ ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ಕೊತೊಕು-ಇನ್ ದೇವಾಲಯ. ಬೆಳಿಗ್ಗೆ 8ಕ್ಕೆ ತೆರೆಯುತ್ತದೆ, ಟಿಕೆಟ್ 300 ಯೆನ್. ಮೊದಲು ಇಲ್ಲಿಗೇ ಹೋಗಿ, ಏಕೆಂದರೆ ಪ್ರವಾಸಿ ಬಸ್ಸುಗಳು ಬರುವುದು ಒಂಬತ್ತೂವರೆಯ ನಂತರ.

ವಿಗ್ರಹದ ಎತ್ತರ ಸುಮಾರು 11.3 ಮೀಟರ್, ಪೀಠ ಸೇರಿದರೆ 13 ಮೀಟರ್ ದಾಟುತ್ತದೆ. ತೂಕ ಸುಮಾರು 121 ಟನ್. ಎರಕ ಹೊಯ್ಯಲು ಶುರು ಮಾಡಿದ್ದು 1252ರಲ್ಲಿ. ಇದು ಶಾಕ್ಯಮುನಿ ಬುದ್ಧನಲ್ಲ, ಅಮಿತಾಭ. ಜಪಾನಿನಲ್ಲಿ ಅಮಿದಾ ಎನ್ನುತ್ತಾರೆ. ಹಿಂದೆ ಮೇಲೆ ಮರದ ಮಂಟಪವಿತ್ತು. ಬಿರುಗಾಳಿಗೆ, ಕೊನೆಗೆ 15ನೇ ಶತಮಾನದ ಸುನಾಮಿಗೆ ಅದು ಹೋಯಿತು ಎಂದು ಹೇಳುತ್ತ ಬಂದಿದ್ದಾರೆ. ಅಂದಿನಿಂದ ಬುದ್ಧ ಬಯಲಲ್ಲೇ ಕುಳಿತಿದ್ದಾನೆ. ಸುತ್ತಲಿರುವ ದೊಡ್ಡ ಚಪ್ಪಟೆ ಕಲ್ಲುಗಳನ್ನು ಗಮನಿಸಿ, ಆ ಮಂಟಪದ ಕಂಬಗಳು ನಿಂತಿದ್ದ ಅಡಿಗಲ್ಲುಗಳು ಅವು. ಇನ್ನೂ 50 ಯೆನ್ ಕೊಟ್ಟರೆ ಟೊಳ್ಳಾದ ವಿಗ್ರಹದ ಒಳಗೇ ಹೋಗಬಹುದು. ಎರಕವನ್ನು ಒಂದರ ಮೇಲೊಂದು ಪಟ್ಟಿಯಾಗಿ ಹೇಗೆ ಬೆಸೆದಿದ್ದಾರೆ ಎಂಬುದು ಒಳಗಿನಿಂದಲೇ ಕಾಣುವುದು. ತಪ್ಪಿಸಬೇಡಿ.

ಬಂದ ದಾರಿಯಲ್ಲೇ ಹಿಂತಿರುಗುವಾಗ ಹಾಸೆದೇರಾ ಸಿಗುತ್ತದೆ, ಟಿಕೆಟ್ 400 ಯೆನ್. ಒಳಗಿರುವ ಕನ್ನೊನ್ ವಿಗ್ರಹ 9.18 ಮೀಟರ್ ಎತ್ತರದ್ದು, ಮರದಲ್ಲಿ ಕೆತ್ತಿ ಚಿನ್ನದ ಲೇಪ ಕೊಟ್ಟದ್ದು. ಕನ್ನೊನ್ ಎಂದರೆ ನಮ್ಮ ಕಡೆಯ ಅವಲೋಕಿತೇಶ್ವರ. ಮಂಗಳೂರಿನ ಕದ್ರಿಯಲ್ಲಿ ಲೋಕೇಶ್ವರನ ಕಂಚಿನ ವಿಗ್ರಹ ನೋಡಿದವರಿಗೆ ಹೆಸರು ಹೊಸದಲ್ಲ. ಸಭಾಂಗಣದೊಳಗೆ ಫೋಟೊ ತೆಗೆಯುವಂತಿಲ್ಲ. ಹೊರಗಿನ ಜಗಲಿಯಿಂದ ಇಡೀ ಕೊಲ್ಲಿ ಕಾಣುತ್ತದೆ, ಮುಂದೆ ನೀವು ನಡೆಯಲಿರುವ ದಂಡೆಯ ಅಂದಾಜು ಸಿಗುತ್ತದೆ.

ಕಾಮಕುರಾ ಪಟ್ಟಣದೊಳಗಿನ ತ್ಸುರುಗಾಒಕಾ ಹಾಚಿಮಾಂಗು ದೇಗುಲ, ಕೊಮಾಚಿ ಪೇಟೆಬೀದಿ ಇವನ್ನೆಲ್ಲ ಇದೇ ದಿನಕ್ಕೆ ತುರುಕಬೇಡಿ. ಅವಕ್ಕೆ ಕನಿಷ್ಠ ಮೂರು ಗಂಟೆ ಬೇಕು, ಆ ಮೂರು ಗಂಟೆ ಕಡಲಿನ ಪಾಲಿನಿಂದ ಹೋಗುತ್ತದೆ.

ಹಂತ 4: ದಂಡೆಯ ನಡಿಗೆ (10:45ರಿಂದ 12:30)

ಹಾಸೆಯಿಂದ ಎನೋಡೆನ್‌ನಲ್ಲಿ ಎರಡು ನಿಲ್ದಾಣ ಪಶ್ಚಿಮಕ್ಕೆ ಬಂದು ಇನಾಮುರಗಾಸಾಕಿಯಲ್ಲಿ ಇಳಿಯಿರಿ. ಐದು ನಿಮಿಷದಲ್ಲಿ ಕಡಲಿಗೆ ಚಾಚಿದ ಬಂಡೆಯ ಮೂಗು ಸಿಗುತ್ತದೆ. 1333ರಲ್ಲಿ ನಿತ್ತಾ ಯೊಶಿಸಾದಾ ಎಂಬ ದಂಡನಾಯಕ ತನ್ನ ಕತ್ತಿಯನ್ನು ಸಮುದ್ರಕ್ಕೆ ಅರ್ಪಿಸಿದಾಗ ನೀರು ಹಿಂದೆ ಸರಿಯಿತು, ಸೈನ್ಯ ಈ ಬಂಡೆಯನ್ನು ಸುತ್ತಿಕೊಂಡು ಕಾಮಕುರಾಕ್ಕೆ ನುಗ್ಗಿತು ಎಂಬುದು ಐತಿಹ್ಯ. ಕಾಮಕುರಾದ ಶೋಗುನ್ ಆಡಳಿತ, ಅಂದರೆ ಸೇನಾಧಿಪತಿಗಳ ಆಳ್ವಿಕೆ, ಬಿದ್ದದ್ದು ಆ ವರ್ಷವೇ. ಮೂರು ಕಡೆ ಗುಡ್ಡ, ಒಂದು ಕಡೆ ನೀರು ಇರುವ ಊರಿಗೆ ನುಗ್ಗಲು ಈ ಬಂಡೆಯ ಬುಡವನ್ನು ಏಕೆ ಆರಿಸಿಕೊಂಡರು ಎಂಬುದು ಅಲ್ಲಿ ನಿಂತಾಗ ಗೊತ್ತಾಗುತ್ತದೆ.

ಇಲ್ಲಿಂದ ಎನೋಶಿಮಾ ದ್ವೀಪ ಮತ್ತು ಅದರ ಹಿಂದೆ ಫುಜಿ ಒಂದೇ ಚೌಕಟ್ಟಿನಲ್ಲಿ ಕಾಣುತ್ತವೆ. ಮಧ್ಯಾಹ್ನವಾದಂತೆ ಮೋಡ ಏರುವುದರಿಂದ ಬೆಳಿಗ್ಗೆಯೇ ನೋಡುವುದು ಒಳ್ಳೆಯದು.

ಈಗ ರೈಲು ಬಿಟ್ಟು ನಡೆಯಿರಿ. ಶಿಚಿರಿಗಾಹಾಮಾ ದಂಡೆಯ ಪಕ್ಕದ ಕಾಲುದಾರಿಯಲ್ಲಿ ಕಾಮಕುರಾ-ಕೊಕೊ-ಮಾಏ ನಿಲ್ದಾಣದವರೆಗೆ ಎರಡು ಕಿಲೋಮೀಟರ್ ಚಿಲ್ಲರೆ, ನಿಧಾನಕ್ಕೆ ನಡೆದರೂ 40 ನಿಮಿಷ. ಹೆಸರಿನ ಅರ್ಥ 'ಏಳು ಹರದಾರಿಯ ತೀರ' ಎಂಬಂತಿದ್ದರೂ ಇಡೀ ದಂಡೆ ಮೂರು ಕಿಲೋಮೀಟರ್ ಒಳಗೇ ಇದೆ. ಮರಳು ಕಪ್ಪುಮಿಶ್ರಿತ ಬೂದು ಬಣ್ಣದ್ದು. ಮುರುಡೇಶ್ವರದ, ಗೋಕರ್ಣದ ಹೊಂಬಣ್ಣ ನಿರೀಕ್ಷಿಸಬೇಡಿ. ನೀರಿಗಿಳಿಯುವುದೂ ಬೇಡ. ಸೆಳೆತ ಬಲವಾಗಿದೆ, ಇದು ಅಲೆಸವಾರರ ಜಾಗ, ಈಜುವ ಜಾಗವಲ್ಲ.

ಕಾಮಕುರಾ-ಕೊಕೊ-ಮಾಏ ಎಂದರೆ 'ಕಾಮಕುರಾ ಪ್ರೌಢಶಾಲೆಯ ಮುಂದೆ' ಎಂದರ್ಥ. ಹೆಸರಲ್ಲಿ ಕಾಮಕುರಾ ಇದ್ದರೂ ಕಾಮಕುರಾ ನಿಲ್ದಾಣದಿಂದ 5 ಕಿಲೋಮೀಟರ್‌ಗೂ ಹೆಚ್ಚು ದೂರ, ಎರಡನ್ನೂ ಒಂದೆಂದು ತಿಳಿದು ಇಳಿಯುವವರಿದ್ದಾರೆ. ನಿಲ್ದಾಣದ ಬೆಂಚಿನ ಮೇಲೆ ಕೂತರೆ ಎದುರಿಗೆ ರಸ್ತೆ, ಅದರಾಚೆ ಬರೀ ಕಡಲು. ಪಕ್ಕದ ರೈಲ್ವೆ ಗೇಟು ಒಂದು ಬ್ಯಾಸ್ಕೆಟ್‌ಬಾಲ್ ಅನಿಮೇಷನ್ ಸರಣಿಯಿಂದ ಏಷ್ಯಾದಾದ್ಯಂತ ಹೆಸರಾಗಿದೆ, ಫೋಟೊಗೆಂದು ಅಲ್ಲಿ ಸದಾ ಜನ. ಫೋಟೊ ತೆಗೆಯುವವರು ನಡುರಸ್ತೆಗೆ ಇಳಿಯುವುದು, ಮನೆಗಳ ಅಂಗಳಕ್ಕೆ ನುಗ್ಗುವುದು ಅಲ್ಲಿನವರಿಗೆ ನಿತ್ಯದ ಹಿಂಸೆಯಾಗಿದೆ. ಕಾಲುದಾರಿಯ ಮೇಲೇ ನಿಂತು, ಗಂಟೆ ಬಾರಿಸಿದ ಮೇಲೆ ಹಳಿಯ ಹತ್ತಿರ ಹೋಗದೆ, ಎರಡು ಫೋಟೊ ತೆಗೆದು ಮುಂದೆ ಸಾಗಿ.

ಹಂತ 5: ಊಟ, ಮತ್ತು ಹದ್ದುಗಳು

ಮಾಂಸಾಹಾರಿಗಳಿಗೆ ಇಲ್ಲಿ ಚಿಂತೆಯಿಲ್ಲ. 'ಶಿರಾಸು' ಎಂಬ ಬೆರಳುಗುರಿನಷ್ಟು ಸಣ್ಣ ಮೀನಿನ ಮರಿಗಳನ್ನು ಅನ್ನದ ಮೇಲೆ ಹರಡಿ ಕೊಡುವುದು ಈ ತೀರದ ವಿಶೇಷ. ಜನವರಿಯಿಂದ ಮಾರ್ಚ್ ಮೊದಲ ಭಾಗದವರೆಗೆ ಹಿಡಿಯುವುದಕ್ಕೆ ನಿಷೇಧವಿರುವುದರಿಂದ ಆಗ ಹಸಿ ಶಿರಾಸು ಸಿಗದು, ಬೇಯಿಸಿದ್ದು ಸಿಗುತ್ತದೆ.

ಸಸ್ಯಾಹಾರಿಗಳು ಸ್ವಲ್ಪ ತಯಾರಿ ಮಾಡಿಕೊಳ್ಳಬೇಕು. ತೊಡಕು ಕಣ್ಣಿಗೆ ಕಾಣುವ ಮೀನಿನದಲ್ಲ, 'ದಾಶಿ'ಯದು. ಒಣಗಿಸಿದ ಮೀನಿನ ಚಕ್ಕೆ ಕುದಿಸಿ ಸೋಸಿದ ತಿಳಿಸಾರು ಅದು. ಸೋಬಾ, ಉದೊನ್ ಶ್ಯಾವಿಗೆಗಳ ರಸದಲ್ಲಿ, ಮಿಸೊ ಸೂಪಿನಲ್ಲಿ, ತರಕಾರಿ ಪಲ್ಯದಲ್ಲಿ ಕೂಡ ಇರುತ್ತದೆ. "ಮಾಂಸ ಇಲ್ಲ ತಾನೆ?" ಎಂದು ಕೇಳಿದರೆ "ಇಲ್ಲ" ಎಂಬ ಪ್ರಾಮಾಣಿಕ ಉತ್ತರವೇ ಬರುತ್ತದೆ, ದಾಶಿಯನ್ನು ಅವರು ಮಾಂಸವೆಂದು ಎಣಿಸುವುದಿಲ್ಲ. ಹಾಗಾಗಿ ಎರಡು ವಾಕ್ಯ ಬರೆದಿಟ್ಟುಕೊಳ್ಳಿ: "ನಿಕು ತೊ ಸಕಾನಾ ವಾ ತಾಬೆಮಾಸೆನ್", ಅಂದರೆ ಮಾಂಸ, ಮೀನು ತಿನ್ನುವುದಿಲ್ಲ. "ಕತ್ಸುಒ ದಾಶಿ ಮೊ ದಾಮೆ ದೆಸು", ಅಂದರೆ ಮೀನಿನ ಸಾರೂ ಆಗದು.

ಇನ್ನೂ ಸುಲಭದ ದಾರಿ ಬುತ್ತಿ. ಪುಳಿಯೋಗರೆ, ಚಪಾತಿ ಪಲ್ಯ, ಗೊಜ್ಜವಲಕ್ಕಿ ಯಾವುದಾದರೂ ಕಟ್ಟಿಕೊಳ್ಳಿ. ಅಂಗಡಿಯ 'ಒನಿಗಿರಿ' ಅನ್ನದುಂಡೆಗಳಲ್ಲಿ ಬರೀ ಉಪ್ಪು ಹಾಕಿದ್ದು ಹೆಚ್ಚು ಸುರಕ್ಷಿತ; ಉಪ್ಪಿನ ಪ್ಲಮ್ ಇಟ್ಟದ್ದರಲ್ಲೂ ಕೆಲವೊಮ್ಮೆ ಮೀನಿನ ಸಾರ ಸೇರಿರುತ್ತದೆ, ಹಿಂದಿನ ಚೀಟಿಯನ್ನು ಫೋನಿನ ಅನುವಾದಕದಲ್ಲಿ ಓದಿಸಿ. ಗೆಣಸಿನ ನೇರಳೆ ಐಸ್‌ಕ್ರೀಮ್ ಈ ಊರಿನ ಮೆಚ್ಚಿನ ತಿನಿಸು, ಅದನ್ನು ರುಚಿ ನೋಡಿ.

ಇನ್ನು ಹದ್ದಿನ ವಿಚಾರ. ಇಲ್ಲಿ 'ತೊಂಬಿ' ಎಂದು ಕರೆಯುವ ಕಂದು ಹದ್ದುಗಳು ದಂಡೆಯ ಮೇಲೆ ಸುತ್ತುತ್ತಲೇ ಇರುತ್ತವೆ. ನಮ್ಮ ಊರಿನ ಹದ್ದಿನ ಜಾತಿಯೇ. ಕೈಯಲ್ಲಿ ತಿಂಡಿ ಹಿಡಿದವರ ಬೆನ್ನ ಹಿಂದಿನಿಂದ ಸದ್ದಿಲ್ಲದೆ ಎರಗಿ ಕಿತ್ತುಕೊಂಡು ಹೋಗುತ್ತವೆ; ಉಗುರು ತಾಗಿ ಗಾಯವಾಗುವುದೂ ಉಂಟು. ಮಕ್ಕಳ ಕೈಗೆ ಬಯಲಲ್ಲಿ ಬಿಸ್ಕತ್ತು ಕೊಡಬೇಡಿ. ಬುತ್ತಿ ಬಿಚ್ಚುವುದಿದ್ದರೆ ಸೂರಿನ ಕೆಳಗೆ ಅಥವಾ ಗೋಡೆಗೆ ಬೆನ್ನು ಕೊಟ್ಟು ಕೂರಿ.

ಹಂತ 6: ಎನೋಶಿಮಾ ದ್ವೀಪ (ಮಧ್ಯಾಹ್ನ 1:30ರಿಂದ ಸೂರ್ಯಾಸ್ತದವರೆಗೆ)

ಎನೋಡೆನ್‌ನ ಎನೋಶಿಮಾ ನಿಲ್ದಾಣದಲ್ಲಿ ಇಳಿದು, ಅಂಗಡಿಬೀದಿ ಹಾದು, 389 ಮೀಟರ್ ಉದ್ದದ ಬೆಂತೆನ್ ಸೇತುವೆ ದಾಟಿದರೆ ದ್ವೀಪ. ಒಟ್ಟು 15ರಿಂದ 20 ನಿಮಿಷ.

ಇಲ್ಲಿನ ಅಧಿದೇವತೆ ಬೆಂಜೈತೆನ್. ಬೌದ್ಧರ ಜೊತೆ ಚೀನಾ ಮಾರ್ಗವಾಗಿ ಜಪಾನ್ ತಲುಪಿದ ನಮ್ಮ ಸರಸ್ವತಿಯೇ ಈಕೆ. ಕೈಯಲ್ಲಿ ವೀಣೆಯ ಬದಲು 'ಬಿವಾ' ಎಂಬ ತಂತಿವಾದ್ಯ. ನದಿಯ ದೇವತೆಯಾದ್ದರಿಂದ ನೀರಿನ ಮಗ್ಗುಲಲ್ಲೇ ಆಕೆಯ ಗುಡಿಗಳು. ಐದು ತಲೆಯ ಘಟಸರ್ಪ ಈ ತೀರವನ್ನು ಕಾಡುತ್ತಿತ್ತು, ದೇವಿ ಇಳಿದು ಬಂದಾಗ ದ್ವೀಪ ಮೇಲೆದ್ದಿತು, ಸರ್ಪ ಆಕೆಗೆ ಮನಸೋತು ಸಾಧುವಾಯಿತು ಎಂದು ಇಲ್ಲಿನ ಸ್ಥಳಪುರಾಣ ಹೇಳುತ್ತದೆ. ಹೆತ್ಸುನೊಮಿಯಾ ಗುಡಿಯ ಪಕ್ಕದ ಎಂಟು ಮೂಲೆಯ ಮಂಟಪದಲ್ಲಿ 200 ಯೆನ್ ಕೊಟ್ಟರೆ ಎರಡು ವಿಗ್ರಹ ನೋಡಬಹುದು: ಎಂಟು ಕೈಗಳದ್ದೊಂದು, ಬಿವಾ ಹಿಡಿದದ್ದೊಂದು. ಶೃಂಗೇರಿ ಕಂಡವರು ಇದನ್ನು ನೋಡದೆ ಬರಬಾರದು.

ದ್ವೀಪದ ಸುತ್ತಳತೆ ಸುಮಾರು 4 ಕಿಲೋಮೀಟರ್ ಅಷ್ಟೇ, ಆದರೆ ಎಲ್ಲವೂ ಏರುಇಳಿತ. ಇಲ್ಲಿ ಕ್ರಮ ಮುಖ್ಯ:

ಮೊದಲು 'ಎಸ್ಕಾ'. 1959ರಲ್ಲಿ ಹಾಕಿದ, ಬಯಲಿನಲ್ಲಿ ಚಲಿಸುವ ಮೆಟ್ಟಿಲುಗಳ ಸಾಲು ಇದು. 46 ಮೀಟರ್ ಎತ್ತರವನ್ನು ಹತ್ತಿಸುತ್ತದೆ. ಹಣ ಕೊಡಬೇಕು, ಹತ್ತುವುದಕ್ಕೆ ಮಾತ್ರ ಇದೆ, ಇಳಿಯಲು ಇಲ್ಲ. ಮೊಣಕಾಲು ಗಟ್ಟಿಯಿದ್ದವರಿಗೆ ಅಗತ್ಯವಿಲ್ಲ.

ಮೇಲೆ ಬಂದವರು ಅಲ್ಲೇ ನಿಲ್ಲದೆ ಆಚೆ ಬದಿಗೆ ಇಳಿದು ಇವಾಯಾ ಗುಹೆಗಳಿಗೆ ಹೋಗಿ. ಅಲೆ ಕೊರೆದು ಮಾಡಿದ ಎರಡು ಗುಹೆ: ಒಂದು 152 ಮೀಟರ್, ಇನ್ನೊಂದು 112 ಮೀಟರ್. ಟಿಕೆಟ್ 500 ಯೆನ್. ಒಳಗೆ ಕೈಗೊಂದು ಮೋಂಬತ್ತಿ ಕೊಡುತ್ತಾರೆ. ಗುಹೆ ಸಂಜೆ 5ಕ್ಕೆ, ಚಳಿಗಾಲದಲ್ಲಿ 4ಕ್ಕೇ ಮುಚ್ಚುತ್ತದೆ. ದೀಪಸ್ತಂಭ ಮೊದಲು ನೋಡಿ ಗುಹೆಗೆ ಆಮೇಲೆ ಬಂದವರು ಮುಚ್ಚಿದ ಬಾಗಿಲು ನೋಡುತ್ತಾರೆ. ಗುಹೆಯ ಮುಂದಿನ ಚಪ್ಪಟೆ ಬಂಡೆಹಾಸು ಚಿಗೊಗಾಫುಚಿ. 1923ರ ಮಹಾ ಕಾಂತೊ ಭೂಕಂಪದಲ್ಲಿ ನೆಲ ಸುಮಾರು ಒಂದು ಮೀಟರ್ ಮೇಲೆದ್ದು ನೀರಿನಿಂದ ಹೊರಬಂದದ್ದು. ಪಾಚಿಯ ಮೇಲೆ ಕಾಲಿಟ್ಟರೆ ಜಾರುವುದು ಖಂಡಿತ, ಒದ್ದೆ ಕಪ್ಪು ಬಂಡೆಗೆ ಹೋಗಬೇಡಿ.

ಹಿಂತಿರುಗುವಾಗ ಇಳಿದ ಮೆಟ್ಟಿಲನ್ನೆಲ್ಲ ಮತ್ತೆ ಹತ್ತಬೇಕು. ಹಿರಿಯರು ಜೊತೆಗಿದ್ದರೆ ಉಪಾಯವೊಂದಿದೆ: ಚಿಗೊಗಾಫುಚಿಯಿಂದ ಸೇತುವೆಯ ಬುಡಕ್ಕೆ 'ಬೆಂತೆನ್‌ಮಾರು' ಎಂಬ ಸಣ್ಣ ದೋಣಿ, ಹತ್ತು ನಿಮಿಷದೊಳಗೆ ದಾಟಿಸುತ್ತದೆ. ಅಲೆ ಎದ್ದ ದಿನ ಓಡುವುದಿಲ್ಲ, ಸಂಜೆಗೆ ಮುಂಚೆಯೇ ನಿಲ್ಲುತ್ತದೆ. ದೋಣಿಯನ್ನೇ ನಂಬಿ ಇಳಿಯುವ ಮುನ್ನ ಸೇತುವೆಯ ಬಳಿಯೇ ಇವತ್ತು ಓಡುತ್ತಿದೆಯೇ ಎಂದು ಕೇಳಿ. ಗಾಲಿಕುರ್ಚಿಯವರಿಗೆ ಮತ್ತು ಮಕ್ಕಳ ಗಾಡಿ ತಳ್ಳುವವರಿಗೆ ಗುಹೆಯ ಕಡೆ ದಾರಿಯಿಲ್ಲ.

ಸೂರ್ಯಾಸ್ತಕ್ಕೆ ಅರ್ಧ ಗಂಟೆ ಮುಂಚೆ 'ಸೀ ಕ್ಯಾಂಡಲ್' ದೀಪಸ್ತಂಭದ ಮೇಲಿರಿ, ಟಿಕೆಟ್ 500 ಯೆನ್. ಡಿಸೆಂಬರ್ ಆರಂಭದಲ್ಲಿ ಸೂರ್ಯ 4:30ಕ್ಕೇ ಮುಳುಗುತ್ತಾನೆ, ಜೂನ್ ಕೊನೆಯಲ್ಲಿ 7ಕ್ಕೆ. ಹೊಳೆಯುವ ಚೆಂಡು ಫುಜಿಯ ಪಕ್ಕದ ಬೆಟ್ಟಸಾಲಿನ ಹಿಂದೆ ಇಳಿದ ಮೇಲೂ ಇಪ್ಪತ್ತು ನಿಮಿಷ ಅಲ್ಲೇ ನಿಲ್ಲಿ. ಪರ್ವತ ಕಪ್ಪಾಗಿ ಅಂಚು ಕೆಂಪಾಗುವುದು ಆಗಲೇ, ಬಹುತೇಕ ಜನ ಅದಕ್ಕೆ ಮುಂಚೆಯೇ ಇಳಿದುಬಿಟ್ಟಿರುತ್ತಾರೆ.

ನಡುವೆ ನೆಲ ನಡುಗಿದರೆ

ಇದನ್ನು ಓದದೆ ಹೊರಡಬೇಡಿ. ಕಡಲ ಬಳಿ ಜೋರಾದ ಅಥವಾ ದೀರ್ಘವಾದ ಕಂಪನವಾದರೆ ಘೋಷಣೆಗೆ ಕಾಯದೆ ಎತ್ತರಕ್ಕೆ ಹೋಗಿ. ದ್ವೀಪದಲ್ಲಿದ್ದರೆ ಸೇತುವೆ ದಾಟಲು ಓಡಬೇಡಿ, ದ್ವೀಪದ ನೆತ್ತಿಗೇ ಹತ್ತಿ. ದಂಡೆಯಲ್ಲಿದ್ದರೆ ರಸ್ತೆ ದಾಟಿ ಒಳಗಿನ ಗುಡ್ಡದ ಕಡೆಗೆ. ತಪ್ಪಿಸಿಕೊಳ್ಳುವ ದಾರಿಯ ಫಲಕಗಳು ಎಲ್ಲೆಡೆ ಇವೆ, ಬೆಳಿಗ್ಗೆಯೇ ಗಮನಿಸಿಟ್ಟುಕೊಳ್ಳಿ. ಅಲೆ ಒಂದೇ ಸಲ ಬಂದು ಮುಗಿಯುವುದಿಲ್ಲ, ಎಚ್ಚರಿಕೆ ತೆಗೆಯುವವರೆಗೆ ಇಳಿಯಬಾರದು. ಇಲ್ಲಿ ನೆಲ ನಡುಗದಿದ್ದರೂ ಸುನಾಮಿ ಬರಬಹುದು: 2025ರ ಜುಲೈ 30ರಂದು ದೂರದ ಕಮ್‌ಚಾಟ್ಕಾದಲ್ಲಿ 8.8 ತೀವ್ರತೆಯ ಭೂಕಂಪವಾದಾಗ ಈ ತೀರಕ್ಕೂ ಎಚ್ಚರಿಕೆ ಕೊಟ್ಟು ದಂಡೆಯನ್ನು ಖಾಲಿ ಮಾಡಿಸಿದರು. ಫೋನಿನಲ್ಲಿ 'ಸೇಫ್ಟಿ ಟಿಪ್ಸ್' ಆ್ಯಪ್ ಹಾಕಿಕೊಂಡಿದ್ದರೆ ಸೂಚನೆ ಇಂಗ್ಲಿಷಿನಲ್ಲಿ ಬರುತ್ತದೆ. ಆಂಬ್ಯುಲೆನ್ಸ್ ಮತ್ತು ಅಗ್ನಿಶಾಮಕಕ್ಕೆ 119, ಪೊಲೀಸರಿಗೆ 110.

ಹಂತ 7: ವಾಪಸು

ದ್ವೀಪದ ಎದುರು ಒಂದೇ ಥರದ ಹೆಸರಿನ ಮೂರು ನಿಲ್ದಾಣಗಳಿವೆ: ಎನೋಡೆನ್‌ನ ಎನೋಶಿಮಾ, ಮಾನೊರೈಲಿನ ಶೋನಾನ್-ಎನೋಶಿಮಾ, ಓಡಾಕ್ಯೂವಿನ ಕಾತಾಸೆ-ಎನೋಶಿಮಾ. ಫ್ರೀಪಾಸ್ ಇದ್ದವರಿಗೆ ಬೇಕಾದದ್ದು ಮೂರನೆಯದು. ಸೇತುವೆಗೆ ಅತಿ ಹತ್ತಿರದ್ದೂ ಅದೇ, ಕಡಲರಸನ ಅರಮನೆಯಂತೆ ಕಟ್ಟಿದ ಕೆಂಪು ಹಸಿರು ಕಟ್ಟಡ, ಒಳಗೆ ಲೋಳೆಮೀನುಗಳ ಗಾಜಿನ ತೊಟ್ಟಿ. ಇಲ್ಲಿಂದ ಹೊರಡುವ ಹೆಚ್ಚಿನ ರೈಲುಗಳು ಫುಜಿಸಾವಾದವರೆಗೆ ಮಾತ್ರ. ಅಲ್ಲಿ ಇಳಿದು ಶಿಂಜುಕು ಕಡೆಯ ಕೈಸೊಕು ಕ್ಯೂಕೊ ಹಿಡಿಯಬೇಕು.

ಜೆಆರ್‌ನಲ್ಲಿ ಬಂದವರು ಪುನಃ ಕಾಮಕುರಾಕ್ಕೆ ಹೋಗುವ ಅಗತ್ಯವಿಲ್ಲ. ಮಾನೊರೈಲಿನಲ್ಲಿ ಓಫುನಾಕ್ಕೆ ಹೋಗಿ, ಅಲ್ಲಿ ಜೆಆರ್ ಹಿಡಿಯಿರಿ. ಹಳಿಯ ಕೆಳಗೆ ತೂಗಾಡುತ್ತ ಗುಡ್ಡಗಳ ನಡುವೆ ಓಡುವ ಈ ರೈಲು 6.6 ಕಿಲೋಮೀಟರ್ ದೂರವನ್ನು 14 ನಿಮಿಷದಲ್ಲಿ ಮುಗಿಸುತ್ತದೆ. ಎನೋಡೆನ್ ಪಾಸ್ ಇದಕ್ಕೆ ನಡೆಯದು, ಐಸಿ ಕಾರ್ಡ್ ತಾಗಿಸಿ. ಮುಂದಿನ ಬೋಗಿಯಲ್ಲಿ ಸೀಟು ಸಿಕ್ಕರೆ ಮಕ್ಕಳನ್ನು ಕಿಟಕಿಗೆ ಕೂರಿಸಿ.

ಫುಜಿಸಾವಾದ ಲಾಕರ್‌ನಲ್ಲಿ ಸಾಮಾನಿಟ್ಟವರು ರೈಲು ಬದಲಿಸುವ ಮೊದಲು ತೆಗೆದುಕೊಳ್ಳಲು ಮರೆಯಬೇಡಿ. ಸುತ್ತಾಟ ಮುಗಿಸಿ ಸಂಜೆ ಏಳಕ್ಕೆ ಕಾತಾಸೆ-ಎನೋಶಿಮಾದಿಂದ ಹೊರಟರೆ ಎಂಟೂವರೆಯೊಳಗೆ ಶಿಂಜುಕುವಿನಲ್ಲಿರುತ್ತೀರಿ.